ಮ್ಯಾಗ್‌ಪೈ ಕಲಿತ ಶಿಳ್ಳೆ

ಬ್ಯಾಂಕ್ಸಿಯಾ ಸ್ಟ್ರೀಟ್, ನ್ಯೂಕ್ಯಾಸಲ್
೯ ಸೆಪ್ಟೆಂಬರ್ ೨೦೦೮

ಪ್ರೀತಿಯ ಡಲ್ಸಿ,

ನಿನ್ನ ಮಂಡಿನೋವು ಇಳಿದಿರಬಹುದು, ಮೊಮ್ಮಕ್ಕಳ ಕೆಮ್ಮೂ ಹೋಗಿರಬಹುದು ಎಂದುಕೊಂಡಿದ್ದೇನೆ. ನಿನ್ನ ಮೂರು ಕಾಗದಗಳೂ ಬಂದು ತಲುಪಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ, ಬೈದುಕೋ. ಕೈನೋವಿತ್ತು ಎಂದು ಸುಳ್ಳು ಹೇಳಬಹುದಿತ್ತು. ಆದರೆ ಈ ಮನೆಯಲ್ಲಿ ಸುಳ್ಳು ಈಗಾಗಲೇ ಸಾಕಷ್ಟು ಸೇರಿಕೊಂಡಿದೆ ಎಂದು ನನಗೆ ಅನುಮಾನ. ಅದನ್ನು ಬರೆಯಲೆಂದೇ ಕೂತಿದ್ದೇನೆ.

ನಿನ್ನಣ್ಣನ ಸಮಾಧಿಯ ಕಲ್ಲಿಗೆಂದು ನೀನು ಬರೆದು ಕಳಿಸಿದ ಒಕ್ಕಣೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ‘ಎನಿಡಳ ಪ್ರೀತಿಯ ಗಂಡ, ರೋಸ್ಲಿನಳ ತಂದೆ.’ ಕಲ್ಲು ಕೆತ್ತುವವನು ಎರಡು ಸಲ ಫೋನ್ ಮಾಡಿದ. ತಂದೆ ಎನ್ನುವುದರಲ್ಲಿ ನನ್ನದೇನೂ ತಕರಾರಿಲ್ಲ. ಪ್ರೀತಿಯ ಗಂಡ ಎನ್ನುವಲ್ಲಿ ನನಗೆ ತಡೆಯುತ್ತಿದೆ. ಕಲ್ಲಿನಲ್ಲಿ ಕೆತ್ತಿದ್ದನ್ನು ಆಮೇಲೆ ಒರೆಸಲು ಆಗುವುದಿಲ್ಲ, ಆದ್ದರಿಂದ ಮೊದಲೇ ತಿಳಿದುಕೊಳ್ಳಬೇಕು.

ಇದು ಶುರುವಾದದ್ದು ಜೂನ್‌ನಲ್ಲಿ, ಕ್ಲೆಮ್‌ನನ್ನು ಮಣ್ಣು ಮಾಡಿದ ದಿನವೇ. ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಓಡಾಡುತ್ತಿದ್ದಾಗ ಅವನ ಜೊತೆ ಹುಲ್ಲಿನ ಮೇಲೆ ಚೆಂಡು ಉರುಳಿಸುತ್ತಿದ್ದ ಬೌಲ್ಸ್ ಕ್ಲಬ್ಬಿನ ಮುದುಕರಿಬ್ಬರು ತಮ್ಮತಮ್ಮಲ್ಲೇ ಆಡಿಕೊಂಡದ್ದು ಕಿವಿಗೆ ಬಿತ್ತು. ಕ್ಲೆಮ್ ಒಳ್ಳೆಯವನು, ಆದರೆ ಮೂರು ವರ್ಷದಿಂದ ಕ್ಲಬ್ಬಿನ ಕಡೆ ತಲೆ ಹಾಕಿರಲಿಲ್ಲ ಎಂದು ಒಬ್ಬ ಹೇಳಿದ. ಇನ್ನೊಬ್ಬ ಹೌದೆಂದ. ಡಲ್ಸಿ, ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಅವನ ಬಿಳಿ ಪ್ಯಾಂಟು ಇಸ್ತ್ರಿ ಮಾಡಿಕೊಟ್ಟವಳು ನಾನು. ಹತ್ತು ಗಂಟೆಗೆ ಬೌಲ್ಸ್ ಚೀಲ ಹಿಡಿದು ಹೊರಟರೆ ಹನ್ನೆರಡಕ್ಕೆ ಬರುತ್ತಿದ್ದ. ಯಾರು ಗೆದ್ದರು ಎಂದರೆ ಹೆಸರನ್ನೂ ಹೇಳುತ್ತಿದ್ದ. ತೋಳಿನ ಮೇಲೆ ಬಿಳಿ ಕಲೆ ಇದ್ದರೆ ಚೆಂಡಿಗೆ ಗುರುತು ಹಾಕುವ ಸೀಮೆಸುಣ್ಣ ಎನ್ನುತ್ತಿದ್ದ. ಸೀಮೆಸುಣ್ಣ ಕೊಡವಿದರೆ ಹೋಗಬೇಕು, ಇದು ಎರಡು ನೀರು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಜೊತೆಗೆ ವಾರವಾರ ಒಂದು ಚೀಲ ನಿಂಬೆಹಣ್ಣು. ಕ್ಲಬ್ಬಿನಲ್ಲಿ ಯಾರೋ ತಂದಿಡುತ್ತಾರೆ ಎಂದಿದ್ದ.

ಈಗ ಹಕ್ಕಿಯ ವಿಷಯಕ್ಕೆ ಬರುತ್ತೇನೆ, ನಗಬೇಡ. ಜೂನ್, ಜುಲೈನ ಚಳಿ ಮುಗಿದು ವಸಂತ ಬಂದಿದೆ, ನಮ್ಮ ಮನೆ ಮುಂದಿನ ನೀಲಗಿರಿ ಮರದಲ್ಲಿ ಕಪ್ಪುಬಿಳಿ ಮ್ಯಾಗ್‌ಪೈ ಗೂಡು ಕಟ್ಟಿದೆ. ಹೆಣ್ಣು ಮೊಟ್ಟೆಯ ಮೇಲೆ ಕೂತ ದಿನದಿಂದ ಗಂಡಿಗೆ ತಲೆ ಕೆಟ್ಟಿದೆ, ದಾರಿಯಲ್ಲಿ ಹೋಗುವವರ ತಲೆಗೆ ಎರಗುತ್ತದೆ. ಬಲಗಾಲಿನಲ್ಲಿ ಒಂದು ಬೆರಳಿಲ್ಲ, ಅದರಿಂದಲೇ ಗುರುತು ಸಿಗುತ್ತದೆ. ಎದುರು ಮನೆಯ ಬ್ರಾಂಟನ ಕಿವಿ ಹರಿಯಿತು. ಅಂಚೆಯವನು ಹೆಲ್ಮೆಟ್ಟಿಗೆ ಸುತ್ತಲೂ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿಕೊಂಡು ಮುಳ್ಳುಹಂದಿಯ ಹಾಗೆ ಬರುತ್ತಾನೆ. ನಾನು ಹಾಲು ತರಲು ಹೋಗುವುದಾದರೂ ಛತ್ರಿ ಬಿಚ್ಚಿಕೊಂಡೇ ಹೋಗಬೇಕು. ಬೀದಿಯಲ್ಲಿ ಅದು ಎರಗದೆ ಬಿಟ್ಟಿರುವುದು ಒಬ್ಬಳನ್ನು ಮಾತ್ರ, ವೂಲಾಳನ್ನು. ಹಳ್ಳದ ಪಕ್ಕ ಕೊನೆಯ ಮನೆಯ ಗ್ರೀಕ್ ವಿಧವೆ, ನಿನಗೆ ನೆನಪಿರಬೇಕು. ಮಣ್ಣು ಮಾಡುವ ದಿನ ನನಗಿಂತ ಜಾಸ್ತಿ ಅತ್ತವಳು ಅವಳೇ. ಅವಳ ಹಿತ್ತಲಲ್ಲಿ ದೊಡ್ಡ ನಿಂಬೆಮರ ಇದೆ.

ಈ ಹಕ್ಕಿಗಳು ಮುಖ ಮರೆಯುವುದಿಲ್ಲ, ಅನ್ನ ಹಾಕಿದವರ ಮೇಲೆ ಎರಗುವುದಿಲ್ಲ. ಹಾಗಾದರೆ ವೂಲಾ ಅದಕ್ಕೆ ತಿನ್ನಿಸುತ್ತಾಳೆ. ಅಷ್ಟೇ ಆಗಿದ್ದರೆ ನನಗೇನು? ಆದರೆ ಕಳೆದ ಭಾನುವಾರ ಕಸದ ಡಬ್ಬಿ ಬೀದಿಗೆ ಎಳೆಯುವಾಗ ಬಿಸಿಲೆಂದು ಕ್ಲೆಮ್‌ನ ಹಳೇ ಬೌಲ್ಸ್ ಟೋಪಿ ಹಾಕಿಕೊಂಡಿದ್ದೆ. ಹಕ್ಕಿ ಮರದಿಂದ ಹೊರಟಿತು. ನಾನು ಕಣ್ಣು ಮುಚ್ಚಿಕೊಂಡೆ. ಅದು ಎರಗಲಿಲ್ಲ. ನನ್ನ ಕಾಲ ಬಳಿ ಇಳಿದು, ಕತ್ತು ಓರೆ ಮಾಡಿಕೊಂಡು, ತಿಂಡಿ ಎಲ್ಲಿ ಎನ್ನುವ ನೆಂಟನ ಹಾಗೆ ಕಾದು ನಿಂತಿತು. ನಾನು ಟೋಪಿ ತೆಗೆದೆ. ಅದು ನನ್ನ ಮುಖ ನೋಡಿತು, ಎರಡು ಹೆಜ್ಜೆ ಹಿಂದೆ ಸರಿಯಿತು, ಹಾರಿಹೋಯಿತು.

ಕಾಡುಹಕ್ಕಿಗೆ ತಿನ್ನಿಸಬಾರದು ಎಂದು ನನಗೆ ಇಪ್ಪತ್ತು ವರ್ಷ ಉಪದೇಶ ಮಾಡಿದವನು ನಿನ್ನಣ್ಣ. ಕೂಕಾಬರಾ ಹಕ್ಕಿಗೆ ಒಂದು ತುಂಡು ಸಾಸೇಜ್ ಎಸೆದದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದ. ಅವನ ಟೋಪಿಯ ಗುರುತು ಈ ಹಕ್ಕಿಗೆ ಎಲ್ಲಿಂದ ಬಂತು?

ಇನ್ನು ಗುರುವಾರದ ಮಾತು. ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಹಕ್ಕಿ ಬೇಲಿಯ ಮೇಲೆ ಕೂತು ಎಂದಿನ ಹಾಗೆ ಗಂಟಲೊಳಗೇ ಗುಳುಗುಳು ಹಾಡಿಕೊಳ್ಳುತ್ತಿತ್ತು. ನಡುವೆ ನಿಲ್ಲಿಸಿ ಶಿಳ್ಳೆ ಹಾಕಿತು. ಎರಡು ಗಿಡ್ಡ, ಒಂದು ಉದ್ದ, ಕೊನೆಯದು ಮೇಲಕ್ಕೆಳೆದು ಬಿಟ್ಟದ್ದು. ನಿಮ್ಮಪ್ಪ ನಿಮ್ಮಿಬ್ಬರನ್ನು ಹೊಲದಿಂದ ಊಟಕ್ಕೆ ಕರೆಯುತ್ತಿದ್ದ ಶಿಳ್ಳೆ. ಕ್ಲೆಮ್ ರೋಸ್ಲಿನಳನ್ನು ಆಟದಿಂದ ಕರೆಯುತ್ತಿದ್ದ ಶಿಳ್ಳೆ. ಕೈಲಿದ್ದ ದಿಂಬಿನ ಚೀಲ ನೆಲಕ್ಕೆ ಬಿತ್ತು, ಮತ್ತೆ ತೊಳೆಯಬೇಕಾಯಿತು.

ಆ ಶಿಳ್ಳೆ ನಿಮ್ಮ ಮನೆಯವರ ಹೊರತು ಯಾರಿಗೂ ಗೊತ್ತಿಲ್ಲ. ರೋಸ್ಲಿನ್ ಕಾರಿಗೆ ಸಿಕ್ಕು ತೀರಿಹೋದ ಮೇಲೆ ಅವನು ಶಿಳ್ಳೆ ಹಾಕುವುದನ್ನೇ ಬಿಟ್ಟ, ನಿನಗೆ ಗೊತ್ತೇ ಇದೆ. ಮೂವತ್ತೆರಡು ವರ್ಷ ನಾನು ಅದನ್ನು ಕೇಳಿಲ್ಲ. ಹಾಕುವುದನ್ನೇ ಮರೆತಿದ್ದಾನೆ ಎಂದುಕೊಂಡಿದ್ದೆ. ನನ್ನೆದುರು ಒಮ್ಮೆಯೂ ತುಟಿ ಕೂಡಿಸದವನು ಇನ್ನೊಬ್ಬಳ ಹಿತ್ತಲಲ್ಲಿ ಕೂತು ಶಿಳ್ಳೆ ಹಾಕುತ್ತಿದ್ದನೇ? ಒಂದು ಹಕ್ಕಿ ಕಲಿಯುವಷ್ಟು ಸಲ?

ನಿನ್ನ ಹತ್ತಿರ ಅವನೇನಾದರೂ ಹೇಳಿದ್ದನೇ, ನೇರವಾಗಿ ಬರಿ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರೆ ಈಗಲಾದರೂ ಬಿಚ್ಚು. ಕಲ್ಲಿನವನಿಗೆ ಅಕ್ಟೋಬರ್‌ವರೆಗೆ ಕಾಯಲು ಹೇಳಿದ್ದೇನೆ.

ನಿನ್ನ
ಎನಿಡ್


ಬ್ಯಾಂಕ್ಸಿಯಾ ಸ್ಟ್ರೀಟ್
೪ ಅಕ್ಟೋಬರ್ ೨೦೦೮

ಪ್ರೀತಿಯ ಡಲ್ಸಿ,

ನಿನ್ನ ಉತ್ತರ ಬಂದು ಎರಡು ವಾರವಾಯಿತು, ಮತ್ತೆ ತಡಮಾಡಿದೆ, ಮತ್ತೆ ಬೈದುಕೋ. ನಿನಗೆ ಏನೂ ಗೊತ್ತಿಲ್ಲ ಎಂದು ಬರೆದಿದ್ದೀಯ, ನಂಬಿದ್ದೇನೆ. ಎಪ್ಪತ್ತನಾಲ್ಕಕ್ಕೆ ಗಂಡನ ಮೇಲೆ, ಅದೂ ಸತ್ತ ಗಂಡನ ಮೇಲೆ, ಪತ್ತೇದಾರಿಕೆ ಮಾಡುವವಳು ನಾನೊಬ್ಬಳೇ ಇರಬೇಕು ಎಂದು ಬೇರೆ ಬರೆದಿದ್ದೀಯ. ಕುಟುಕಿದ್ದು ಸಾಕು. ವೂಲಾಳನ್ನೇ ಹೋಗಿ ಕೇಳು ಎಂದೆಯಲ್ಲ, ಕೇಳಿದೆ.

ಸುಮ್ಮನೆ ಹೋಗಲಿಲ್ಲ. ಮಂಗಳವಾರವೇ ಹೋದೆ, ಹತ್ತು ಗಂಟೆಗೇ ಹೋದೆ, ಅವನ ಟೋಪಿ ಹಾಕಿಕೊಂಡು ಹಿಂದಿನ ಓಣಿಯಿಂದಲೇ ಹೋದೆ. ಅವನು ಹೋಗುತ್ತಿದ್ದ ದಾರಿ ಅದೇ ಎಂದು ನನ್ನ ಲೆಕ್ಕ. ಸರಿಯಾಗಿತ್ತು. ವೂಲಾಳ ಹಿಂದಿನ ಗೇಟಿಗೆ ಅವನ ಕೈಯ ಗಂಟು ಇತ್ತು, ನಮ್ಮ ಟೊಮೆಟೊ ಗಿಡಕ್ಕೆ ಕಟ್ಟುವಂಥದ್ದೇ ಹಸಿರು ದಾರ. ಅವಳು ತೊಡೆಯ ಮೇಲೆ ಖೀಮಾದ ಬಟ್ಟಲು ಇಟ್ಟುಕೊಂಡು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಖಾಲಿ ಕುಶನ್ ಒಂದಿತ್ತು. ನಾನೇ ಹೆಣೆದ ಹಳದಿ ಕುಶನ್, ಡಲ್ಸಿ. ಹಳೇ ಸಾಮಾನಿನ ಧರ್ಮದ ಅಂಗಡಿಗೆ ಕೊಟ್ಟುಬಿಟ್ಟೆ ಎಂದಿದ್ದ.

“ಬಂದ್ಯಾ?” ಎಂದಳು ಅವಳು. “ಚಳಿಗಾಲ ಪೂರ್ತಿ ಕಾದೆ.”

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ನನ್ನ ಗಂಡ ಇಲ್ಲಿ ಏನು ಮಾಡುತ್ತಿದ್ದ ಎಂದೆ. ಕೂತಿರುತ್ತಿದ್ದ ಎಂದಳು. ಕೂತು ಏನು ಮಾಡುತ್ತಿದ್ದ ಎಂದೆ. ಕುಶನ್ ತಟ್ಟಿ ತೋರಿಸಿದಳು. ನಾನು ಕೂರಲಿಲ್ಲ.

ಅವಳು ಹೇಳಿದ್ದು ಇಷ್ಟು. ಮೂರು ವರ್ಷದ ಹಿಂದೆ ಅಂಜೂರದ ಮರಕ್ಕೆ ಹೊದಿಸಿದ್ದ ಬಲೆಯಲ್ಲಿ ಈ ಮ್ಯಾಗ್‌ಪೈ ಕಾಲು ಸಿಕ್ಕಿಸಿಕೊಂಡಿತ್ತಂತೆ. ಇವಳ ಕೂಗು ಕೇಳಿ ಓಣಿಯಲ್ಲಿ ಕ್ಲಬ್ಬಿಗೆ ಹೊರಟಿದ್ದ ಕ್ಲೆಮ್ ಒಳಗೆ ಬಂದು ಬಲೆ ಕತ್ತರಿಸಿದ. ಬೆರಳು ಹೋಯಿತು, ಹಕ್ಕಿ ಉಳಿಯಿತು. ಶುಕ್ರವಾರ ಅದನ್ನು ನೋಡಲು ಬಂದ. ಮುಂದಿನ ಮಂಗಳವಾರವೂ ಬಂದ. ಆಮೇಲೆ ಕ್ಲಬ್ಬಿಗೆ ಹೋಗಲೇ ಇಲ್ಲ. ಖೀಮಾ ತರುತ್ತಿದ್ದವಳು ಇವಳು, ತಿನ್ನಿಸುತ್ತಿದ್ದವನು ಅವನು. ತೋಳಿನ ಮೇಲಿನ ಬಿಳಿ ಕಲೆ ಹಕ್ಕಿಯ ಹಿಕ್ಕೆಯದು. ಹಕ್ಕಿಗೆ ತಾನೊಂದು ಹೆಸರಿಡಲು ಹೋದರೆ ಬೇಡವೆಂದನಂತೆ. ಹೆಸರಿಟ್ಟರೆ ಕರೆಯಬೇಕಾಗುತ್ತದೆ ಎಂದನಂತೆ.

ಇಷ್ಟಕ್ಕೇ ಮೂರು ವರ್ಷ ಸುಳ್ಳು ಹೇಳುವ ಗಂಡಸನ್ನು ನಾನು ನೋಡಿಲ್ಲ ಎಂದೆ. ನನ್ನ ದನಿ ಒರಟಾಗಿತ್ತು, ಒಪ್ಪಿಕೊಳ್ಳುತ್ತೇನೆ. ಅವಳಿಗೆ ಕೋಪ ಬರಲಿಲ್ಲ. ಬಟ್ಟಲು ಪಕ್ಕಕ್ಕಿಟ್ಟಳು.

“ಒಂದಿನ ಕೇಳ್ದ, ‘ಇಲ್ಲಿ ಶಿಳ್ಳೆ ಹೊಡೆದ್ರೆ ನಿಮಗೇನಾದ್ರೂ ತೊಂದ್ರೆನಾ’ ಅಂತ. ಇದೇನಪ್ಪ ಇವನು ಅನ್ಕೊಂಡೆ. ಬಾಯಿ ನಿಂದು, ಹೊಡ್ಕೋ ಅಂದೆ. ಆದ್ರೂ ಹೊಡೀಲಿಲ್ಲ. ಇನ್ನೂ ಎರಡು ವಾರ ಸುಮ್ನೆ ಕೂತು ಎದ್ದು ಹೋದ. ಆಮೇಲೊಂದಿನ ಹೊಡೆದ. ಹೊಡೆದು ಅತ್ತ. ನಾನು ಒಳಗೆ ಹೋಗಿ ಕಾಫಿ ಮಾಡ್ದೆ.”

“ಆಮೇಲೆ?”

“ಆಮೇಲೆ ಬಂದಾಗೆಲ್ಲ ಹೊಡೆದ. ಮೆತ್ತಗೆ. ಎನಿಡ್‌ಗೆ ಕೇಳಿಸ್ಬಾರ್ದು ಅಂತಿದ್ದ. ಎಂಟು ಮನೆ ದೂರ ಇದೆ, ಹೆಂಗೆ ಕೇಳಿಸ್ತದೆ ಅಂದ್ರೂ ಮೆತ್ತಗೇ.” ಅಷ್ಟು ಹೇಳಿ ನನ್ನ ಮುಖ ನೋಡಿದಳು. “ಯಾಕೆ ಕೇಳಿಸ್ಬಾರ್ದು?”

ನನಗೆ ಗೊತ್ತಿಲ್ಲ ಎಂದೆ.

ಅಷ್ಟರಲ್ಲಿ ಅದು ಬಂತು. ಬೇಲಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಕುಶನ್ನಿಗೆ. ಟೋಪಿ ನೋಡಿತು, ಈ ಸಲ ಮುಖ ನೋಡಿದ ಮೇಲೂ ಹೋಗಲಿಲ್ಲ. ವೂಲಾ ನನ್ನ ಅಂಗೈಗೆ ಒಂದು ಚಿಟಿಕೆ ಖೀಮಾ ಹಾಕಿದಳು. ಕೊಕ್ಕು ಅಷ್ಟು ಉದ್ದವಿದ್ದರೂ ಒಂದು ಚೂರೂ ನೋಯಿಸದೆ ತೆಗೆದುಕೊಂಡಿತು. ಆಮೇಲೆ ನಿಂಬೆಮರದ ಮೇಲೆ ಕೂತು ಶಿಳ್ಳೆ ಹಾಕಿತು, ಮೆತ್ತಗೆ, ಅವನು ಕಲಿಸಿದ್ದ ಹಾಗೆಯೇ. ನನಗೆ ತಡೆದುಕೊಳ್ಳಲು ಆಗಲಿಲ್ಲ. ಕುಶನ್ ಮೇಲೆ ಕೂತುಬಿಟ್ಟೆ. ವೂಲಾ ಎದ್ದು ಕಾಫಿ ಮಾಡಲು ಹೋದಳು.

ಅವಳ ಮೇಲೆ ಅನುಮಾನ ಪಟ್ಟದ್ದಕ್ಕೆ ನಾಚಿಕೆಯಾಗುತ್ತಿದೆ. ಪೂರ್ತಿ ಹೋಗಿದೆ ಎಂದೇನೂ ಅಲ್ಲ. ನನ್ನ ಗಂಡನ ಅಳುವನ್ನು ಅವಳು ನೋಡಿದ್ದಾಳೆ, ನಾನು ನೋಡಿಲ್ಲ, ಅದು ಈಗಲೂ ಚುಚ್ಚುತ್ತದೆ. ಆದರೂ ಬರುವಾಗ ನಿಂಬೆಹಣ್ಣಿನ ಚೀಲ ಕೊಟ್ಟಳು, ಬೇಡವೆನ್ನಲಿಲ್ಲ. ಶುಕ್ರವಾರವೂ ಹೋಗಿದ್ದೆ. ಮರಿಗಳು ಎರಡು, ಇಡೀ ದಿನ ಬಾಯಿ ತೆರೆದುಕೊಂಡು ಕಿರುಚುತ್ತವೆ. ಅಂಚೆಯವನಿಗೆ ಈಗಲೂ ಉಳಿಗಾಲವಿಲ್ಲ.

ಕಲ್ಲಿನವನಿಗೆ ನಿನ್ನೆಯೇ ಫೋನ್ ಮಾಡಿದೆ. ನೀನು ಬರೆದದ್ದೇ ಇರಲಿ, ಒಂದು ಅಕ್ಷರವೂ ಬದಲಾಗುವುದು ಬೇಡ ಎಂದೆ. ನವೆಂಬರ್ ಎರಡನೇ ಶನಿವಾರ ಕಲ್ಲು ನಿಲ್ಲಿಸುತ್ತಾರೆ. ನೀನು ಬಂದರೆ ನಡುವಿನ ಕೋಣೆ ಸಿದ್ಧ ಮಾಡಿಡುತ್ತೇನೆ. ಮೊಮ್ಮಕ್ಕಳಿಗೆ ನನ್ನ ಪ್ರೀತಿ ಹೇಳು, ಚೆನ್ನಾಗಿ ಬೆಳೆಯಲಿ, ರಸ್ತೆಯಲ್ಲಿ ಹುಷಾರಾಗಿರಲಿ. ನಿನ್ನ ಮಂಡಿಗೂ ನಿನಗೂ ದೇವರು ಒಳ್ಳೆಯದು ಮಾಡಲಿ.

ನಿನ್ನ ಅತ್ತಿಗೆ
ಎನಿಡ್

ಮತ್ತೆ ಬರೆದದ್ದು: ಕಾಗದ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ವೂಲಾಳ ಪ್ರಶ್ನೆಗೆ ಗೊತ್ತಿಲ್ಲ ಎಂದೆನಲ್ಲ, ಅದು ಸುಳ್ಳು. ಕ್ಲೆಮ್ ದುಃಖದಿಂದ ತಾನಾಗಿಯೇ ಶಿಳ್ಳೆ ಹಾಕುವುದನ್ನು ಬಿಟ್ಟ ಎಂದು ನೀವೆಲ್ಲ ತಿಳಿದಿರಿ, ನಾನೂ ಹಾಗೇ ತಿಳಿಯಲು ಬಿಟ್ಟೆ. ರೋಸ್ಲಿನಳನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ನೀನು ಅಡುಗೆಮನೆಯಲ್ಲಿ ಟೀ ಮಾಡುತ್ತಿದ್ದೆ. ಹಿಂದಿನ ವರಾಂಡದಲ್ಲಿ ನಾನು ಅವನಿಗೆ ಹೇಳಿದೆ, “ನಿನ್ನ ಶಿಳ್ಳೆ ಕೇಳಿ ಓಡಿಬಂದೇ ಅವಳು ಸತ್ತಿದ್ದು. ಇನ್ನೊಂದ್ಸಲ ಅದು ನನ್ನ ಕಿವಿಗೆ ಬಿದ್ರೆ ನಾನು ಈ ಮನೇಲಿ ಇರಲ್ಲ.” ಅವನು ಸರಿ ಎಂದ, ಅಷ್ಟೇ. ಆದರೆ ಡಲ್ಸಿ, ಅವಳು ಕಾರಿಗೆ ಸಿಕ್ಕ ಸಂಜೆ ಅವನು ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ. ಆಲೂಗಡ್ಡೆ ಆರಿಹೋಗುತ್ತದೆ, ಎದ್ದು ಅವಳನ್ನು ಕರಿ ಎಂದವಳು ನಾನು. ಎರಡು ಸಲ ಹೇಳಿದೆ. ಅದನ್ನು ಅವನು ಮೂವತ್ತೆರಡು ವರ್ಷದಲ್ಲಿ ಒಂದು ದಿನವೂ ನನ್ನ ಮುಖಕ್ಕೆ ಹೇಳಲಿಲ್ಲ, ವೂಲಾಳಿಗೂ ಹೇಳಿರಲಿಲ್ಲ, ನಿನಗೂ ಹೇಳಿರಲಾರ. ಇದನ್ನು ಓದಿದ ಮೇಲೂ ನೀನು ಬರುವುದಾದರೆ ಯಾವ ರೈಲೆಂದು ಬರಿ, ಸ್ಟೇಷನ್ನಿಗೆ ಬಂದಿರುತ್ತೇನೆ.