ನೇತ್ರಾವತಿಯ ದಡದಲ್ಲಿ ಹೇಳದೆ ಬಂದದ್ದು

ಅಳದಂಗಡಿ
12-1-1961

ಪ್ರೀತಿಯ ಪದ್ಮಾಕ್ಷಿ ಟೀಚರಿಗೆ, ವಸಂತಿಯ ನಮಸ್ಕಾರಗಳು.

ಮೂರು ವರ್ಷದ ಹಿಂದೆ, ನಾನು ಎಂಟನೆಯ ತರಗತಿ ಮುಗಿಸಿ ಮನೆಯಲ್ಲಿ ಕುಳಿತಿದ್ದಾಗ, ಡಿಸೆಂಬರಿನ ಒಂದು ಆದಿತ್ಯವಾರ ನೀವು ನನ್ನನ್ನು ಹಕ್ಕಿ ನೋಡಲು ಕರೆದುಕೊಂಡು ಹೋದಿರಿ. ಬೆಳಿಗ್ಗೆ ನೀವು ಮೂಡಬಿದ್ರೆಯ ನಮ್ಮ ಮನೆಗೆ ಬಂದಾಗ ಅಮ್ಮ ಎಂದಿನಂತೆ ಅಂಗಳದ ಕಲ್ಲಿನ ಮೇಲೆ ಹಕ್ಕಿಗಳಿಗೆ ನುಚ್ಚಕ್ಕಿ ಹಾಕುತ್ತಿದ್ದರು. ಗುಬ್ಬಿಗಳ ನಡುವೆ ಅಳಿಲೊಂದು ನುಗ್ಗಿದ್ದಕ್ಕೆ ನೀವು ನಕ್ಕಿರಿ. ನನಗೆ ನಗು ಬರಲಿಲ್ಲ. ಹಿಂದಿನ ಬುಧವಾರವೇ ನನ್ನ ಮದುವೆ ನಿಶ್ಚಯವಾಗಿತ್ತು. "ಒಂದು ದಿನ ಹೋಗಿ ಬಾ. ಟೀಚರಿಗೆ ಮಾತ್ರ ಹೇಳಬೇಡ, ಅವರು ವಾದಕ್ಕೆ ನಿಲ್ತಾರೆ" ಎಂದಿದ್ದರು ಅಪ್ಪ.

ಸುಗ್ಗಿ ಬೆಳೆಗೆ ಉತ್ತ ಗದ್ದೆಗಳಲ್ಲಿ ನೀರು ನಿಂತಿತ್ತು. ಬದುವಿನ ಮೇಲೆ ಕುಳಿತು, ಯಾರಿಂದಲೋ ಕೇಳಿ ತಂದ ದುರ್ಬೀನನ್ನು ನೀವು ನನ್ನ ಕಣ್ಣಿಗೆ ಹಿಡಿದಿರಿ. ಬೆಳ್ಳಕ್ಕಿಯ ಕೊಕ್ಕಿನಲ್ಲಿ ಏಡಿಮರಿ ಒದ್ದಾಡುವುದು ಅಷ್ಟು ಹತ್ತಿರ ಕಂಡಿತು. "ಆ ಉಲ್ಲಂಕಿ ಹಕ್ಕಿ ಹಿಮಾಲಯ ದಾಟಿ ಬಂದದ್ದು. ನಿನ್ನ ಮುಷ್ಟಿಯಷ್ಟೇ ಉಂಟು ನೋಡು" ಎಂದಿರಿ.

ಮಧ್ಯಾಹ್ನ ಬಸ್ಸು ಹತ್ತಿ ಬಂಟ್ವಾಳದಲ್ಲಿ ಇಳಿದೆವು. ನೇತ್ರಾವತಿಯ ಬಂಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಡಿಸಿ ಒಣಗಿಸುತ್ತಿದ್ದವು. "ಆಚೆ ದಡದಲ್ಲಿ ಇನ್ನೂ ಉಂಟು, ಹೋಗುವನಾ ಟೀಚರೇ?" ಎಂದು ದೋಣಿಯ ಹಾಜಬ್ಬ ಕರೆದರು. ಹೊತ್ತು ಮುಳುಗುವ ಮೊದಲು ಮನೆ ಸೇರಬೇಕೆಂದು ನಾನೇ ಬೇಡವೆಂದೆ. ಆಗ ನೀವು ಚೀಲದಿಂದ ಒಂದು ಹಾಳೆ ತೆಗೆದಿರಿ.

"ಮಂಗಳೂರಿನ ಟ್ರೈನಿಂಗಿಗೆ ಅರ್ಜಿ. ಎರಡು ವರ್ಷ, ಮತ್ತೆ ನೀನೂ ಟೀಚರ್. ಅಪ್ಪನ ಹತ್ತಿರ ನಾನು ಮಾತಾಡ್ತೇನೆ."

"ಬೇಡ ಟೀಚರ್, ನಾನೇ ಕೇಳ್ತೇನೆ" ಎಂದೆ.

ಕೇಳಲಿಲ್ಲ. ಮರುದಿನ ಅರ್ಜಿಯನ್ನು ಬಚ್ಚಲ ಒಲೆಗೆ ಹಾಕಿದೆ.

ಮದುವೆಗೆ ನಾಲ್ಕು ದಿನ ಇರುವಾಗ ಸುದ್ದಿ ಕೇಳಿ ನೀವು ಓಡಿ ಬಂದಿರಿ. ನಾನು ಒಳಕೋಣೆಯಲ್ಲಿದ್ದೆ. "ಅವಳಿಗೇ ಓದುವ ಮನಸ್ಸಿಲ್ಲ" ಎಂದರು ಅಪ್ಪ. "ಹೌದಾ ವಸಂತಿ?" ಎಂದು ನೀವು ಚಾವಡಿಯಿಂದಲೇ ಕೇಳಿದಿರಿ. ಅಮ್ಮ ನನ್ನ ಕೈ ಹಿಡಿದಿದ್ದರು. ಬಿಗಿಯಾಗಿ ಅಲ್ಲ, ಬಿಡಿಸಿಕೊಳ್ಳಬಹುದಿತ್ತು.

"ಹೌದು ಟೀಚರ್" ಎಂದೆ. ನಿಮ್ಮ ಚಪ್ಪಲಿಯ ಸದ್ದು ಅಂಗಳ ದಾಟಿ ಹೋಯಿತು.

ಅದು ಸುಳ್ಳೆಂದು ಹೇಳಲಿಕ್ಕೇ ಈ ಕಾಗದ. ಇಲ್ಲಿ ನನಗೆ ಯಾರೂ ಹೊಡೆಯುವುದಿಲ್ಲ, ಊಟಕ್ಕೆ ಕಡಿಮೆಯಿಲ್ಲ. ಆದರೆ ಅಂಗಳ ದಾಟಬೇಕಾದರೆ ನಾನು ಅತ್ತೆಯನ್ನು ಕೇಳಬೇಕು, ಅತ್ತೆ ಮಾವನನ್ನು ಕೇಳಬೇಕು. ಅಷ್ಟರಲ್ಲಿ ಸಂಜೆಯಾಗುತ್ತದೆ. ಬಸದಿಗೆ ಹೋಗುವಾಗ ಕೆರೆಯ ಹತ್ತಿರ ಒಂದು ಗಳಿಗೆ ನಿಂತರೂ "ಏನು ನೋಡುವುದು?" ಎನ್ನುತ್ತಾರೆ. ಏನಿಲ್ಲ ಎಂದು ನಡೆಯುತ್ತೇನೆ.

ಬಳೆಯ ಅಬ್ಬಾಸ್ ಬ್ಯಾರಿ ಜಗಲಿಯಲ್ಲಿ ಅತ್ತೆಗೆ ಬಳೆ ತೊಡಿಸುತ್ತಿದ್ದಾರೆ. ಅವರು ಮೂಡಬಿದ್ರೆಗೆ ಹೊರಡುವ ಮೊದಲು ಇದನ್ನು ಅವರ ಕೈಗೆ ಕೊಡಬೇಕು. ಉತ್ತರ ಬರೆಯಬೇಡಿ, ಬಂದ ಕಾಗದವನ್ನು ಮಾವನವರೇ ಮೊದಲು ಒಡೆಯುತ್ತಾರೆ. ನಿಮ್ಮ ತರಗತಿಯಲ್ಲಿ ನನ್ನಂಥವಳು ಇನ್ನೊಬ್ಬಳು ಇದ್ದರೆ, ಒಳಗಿನಿಂದ ಅವಳು ಹೌದು ಎಂದರೂ ನಂಬಬೇಡಿ, ಟೀಚರ್. ಒಳಗೆ ಹೋಗಿ, ಮುಖ ನೋಡಿ ಕೇಳಿ.

ನಿಮ್ಮ ಆರೋಗ್ಯವನ್ನು ದಿನವೂ ಚಂದ್ರನಾಥ ಸ್ವಾಮಿಯಲ್ಲಿ ಬೇಡುವ,
ನಿಮ್ಮ ವಿದ್ಯಾರ್ಥಿನಿ
ವಸಂತಿ