ಹಿಂಬಾಗಿಲು ತೆರೆದೇ ಇತ್ತು

ಮಾರ್ಚ್ ೯, ಸೋಮವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ನಿನ್ನ ಮೂರು ಕಾಗದಗಳೂ ಕೈಸೇರಿವೆ. ಹನ್ನೊಂದು ತಿಂಗಳು ಉತ್ತರ ಬರೆಯದ ಈ ಸೋಮಾರಿಯನ್ನು ಹೊಟ್ಟೆ ತುಂಬ ಬೈದುಕೋ, ಆದರೆ ಓದದೆ ಹರಿಯಬೇಡ. ಅಂಚೆಯಲ್ಲಿ ಎಲ್ಲವನ್ನೂ ಒಡೆದು ಓದುತ್ತಾರೆ. ಚರ್ಮದ ವ್ಯಾಪಾರಿ ನಿಮ್ಮ ಕಡೆ ಬರುತ್ತಿದ್ದಾನೆ. ಇದನ್ನು ಅವನ ಬೂಟಿನ ಅಟ್ಟೆಯೊಳಗಿಟ್ಟು ಹೊಲಿಯುತ್ತೇನೆ.

ನನ್ನವಳು ಚೆನ್ನಾಗಿದ್ದಾಳೆ, ಅಂದರೆ ಊಟ ಮಾಡುತ್ತಾಳೆ. ಐದು ದಿನ ಠಾಣೆಯಲ್ಲಿ ಕೂಡಿಹಾಕಿ, ಅಣ್ಣನನ್ನು ಹಿಡಿದ ದಿನವೇ ಬಿಟ್ಟರು. ಈಗಲೂ ಬಾಗಿಲು ಮುಚ್ಚಿದರೆ ಬೆವರುತ್ತಾಳೆ.

ಅಣ್ಣನ ಕಡೆಯ ದಿನಗಳ ಬಗ್ಗೆ ಕೇಳಿದ್ದೀಯ. ಸರ್ಕಾರದವರು ಚರ್ಚುಗಳಿಗೆ ಬೀಗ ಹಾಕಿ ಅವನಂಥ ಪಾದ್ರಿಗಳನ್ನು ಹಿಡಿಯತೊಡಗಿದ ಮೇಲೆ ಏಳು ತಿಂಗಳು ನನ್ನ ಬೂಟಿನ ಅಂಗಡಿಯಲ್ಲೇ ಏಪ್ರನ್ ಕಟ್ಟಿಕೊಂಡು ಆಳಿನ ಹಾಗೆ ಇದ್ದ. ಅವನ ಕೈಗೆಲಸವೋ, ದೇವರಿಗೇ ಪ್ರೀತಿ! ಒಮ್ಮೆ ಎರಡೂ ಎಡಗಾಲಿನ ಅಟ್ಟೆಯನ್ನೇ ಕತ್ತರಿಸಿಟ್ಟ. ಬೈದರೆ, "ಎಡಗಾಲು ಒಂದೇ ಇರೋರು ಇಬ್ಬರು ಬರ್ತಾರೆ ಬಿಡೋ" ಎಂದು ನಕ್ಕ. ಭಾನುವಾರ ಬೆಳಿಗ್ಗೆ ಅದೇ ಬೆಂಚಿನ ಮೇಲೆ, ನೀರು ಕುಡಿಯುವ ಲೋಟದಲ್ಲೇ ದ್ರಾಕ್ಷಾರಸವಿಟ್ಟು, ನಾಲ್ಕು ಜನಕ್ಕೆ ಬಲಿಪೂಜೆ ಅರ್ಪಿಸುತ್ತಿದ್ದ.

ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಪೊಲೀಸರು ಬಂದರು. ಅಣ್ಣ ಕೈಗಂಟಿದ ಅಂಟು ಒರೆಸಿಕೊಂಡು, ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ಅವರ ಜೊತೆ ಹೋದ. "ಪಾದ್ರಿತನ ಬಿಟ್ಟೆ ಅಂತ ಸಹಿ ಹಾಕಿ ಮನೆಗೆ ಹೋಗು" ಎಂದರಂತೆ. "ಬಿಟ್ಟಿಲ್ಲವಲ್ಲ ಸ್ವಾಮಿ, ಸುಳ್ಳು ಬರೀಲಾ?" ಎಂದನಂತೆ. ಒಂಬತ್ತನೆಯ ದಿನ ಇಟ್ಟಿಗೆ ಗೂಡಿನ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು. ದೇಹವನ್ನೂ ಕೊಡಲಿಲ್ಲ.

ಆ ಏಪ್ರನ್ ಇನ್ನೂ ಗೂಟದಲ್ಲಿದೆ. ಅದರ ಕೆಳಗೆ ಕೂತು ಹೊಲಿಯಲಾರೆ, ಅಂಗಡಿ ಬಿಟ್ಟು ಎಲ್ಲಿಗೂ ಹೋಗಲಾರೆ. ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಯ ತಮ್ಮ ಎಂದು ಜನ ಬಂದು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಬಿಡಿಸಿಕೊಳ್ಳಲು ಆಗುವುದಿಲ್ಲ.

"ಹಿಂಬಾಗಿಲಿತ್ತಲ್ಲ, ಯಾಕೆ ಓಡಲಿಲ್ಲ?" ಎಂದು ಮೂರು ಕಾಗದದಲ್ಲೂ ಕೇಳಿದ್ದೀಯ. ನಿನ್ನ ಕೈಗನ್ನಡಿ ನೆನಪಿದೆಯಾ? ಚಿಕ್ಕಂದಿನಲ್ಲಿ ಅಣ್ಣ ಪರದೆಯ ಹಿಂದೆ ಕೂತು, ಪಾದ್ರಿಯ ಹಾಗೆ ನಮ್ಮ ತಪ್ಪು ಕೇಳಿ ಕ್ಷಮಿಸುವ ಪಾಪನಿವೇದನೆಯ ಆಟ ಆಡಿಸುತ್ತಿದ್ದನಲ್ಲ, ಕನ್ನಡಿ ಒಡೆದದ್ದು ನಾನೇ ಎಂದು ಅಲ್ಲಿ ಒಪ್ಪಿಕೊಂಡಿದ್ದೆ. ನೀನು ಅಣ್ಣನೇ ಒಡೆದನೆಂದು ಅವನಿಗೆ ಬಾರಿಸಿದೆ. ಬಾಯಿ ಬಿಡಲಿಲ್ಲ. "ಅಲ್ಲಿ ಕೇಳಿದ್ದನ್ನ ಯಾರಿಗೂ ಹೇಳೋ ಹಾಗಿಲ್ಲ ಕಣೋ. ನನ್ನ ಬೆನ್ನು ಉಳಿಸ್ಕೊಳ್ಳೋಕೂ ಬಳಸೋ ಹಾಗಿಲ್ಲ" ಎಂದಿದ್ದ. ಆಟದಲ್ಲೂ ಅಷ್ಟು ಮೊಂಡ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಕ್ಕಳಿಗೆ ಒಳ್ಳೆಯದಾಗಲಿ, ನನ್ನ ಪರವಾಗಿ ಅವರ ತಲೆ ಮೇಲೆ ನೀನೇ ಕೈಯಿಡು.

ನಿನ್ನ ಕಿರಿಯ ತಮ್ಮ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಣ್ಣ ಎಲ್ಲಿದ್ದಾನೆಂದು ಬುಧವಾರ ಠಾಣೆಯಲ್ಲಿ ಹೇಳಿದವನು ನಾನು. "ನಾಳೆ ಹತ್ತಕ್ಕೆ ಬರ್ತೀವಿ. ಅವನು ಸಿಕ್ಕರೆ ನಿನ್ನ ಹೆಂಡತಿ ಮನೆಗೆ" ಎಂದರು. ಅವಳಿಗೆ ಇಂದಿಗೂ ಗೊತ್ತಿಲ್ಲ. ಸಂಜೆ ಅಣ್ಣನಿಗೆ ಎಲ್ಲ ಹೇಳಿದೆ, ಮೊಣಕಾಲೂರಿ, ಪಾಪನಿವೇದನೆಯಲ್ಲಿ. ಕ್ಷಮೆ ಕೊಟ್ಟ. "ಪ್ರಾಯಶ್ಚಿತ್ತಕ್ಕೆ ಅಕ್ಕನಿಗೊಂದು ಕಾಗದ ಬರಿ" ಎಂದ. ಆಮೇಲೆ ಇಬ್ಬರೂ ಊಟಕ್ಕೆ ಕೂತೆವು. ಊಟದ ಹೊತ್ತಿಗೆ, ಪಾಪನಿವೇದನೆಯ ಹೊರಗೆ, ನಾನು ಅದನ್ನೇ ಇನ್ನೊಮ್ಮೆ ಹೇಳಿದ್ದರೆ ಅವನು ಓಡಬಹುದಿತ್ತು. ನನ್ನ ಮುಖವನ್ನೇ ನೋಡುತ್ತ ಕಾದ. ನಾನು ಉಪ್ಪು ಕೊಡು ಎಂದೆ. ಆ ನಿಯಮ ನನಗೆ ಕನ್ನಡಿ ಒಡೆದ ದಿನದಿಂದ ಗೊತ್ತಿತ್ತು ಅಕ್ಕ. ಗೊತ್ತಿದ್ದೇ ಮೊಣಕಾಲೂರಿ ಹೇಳಿದೆ.