ನೂರಹನ್ನೆರಡನೇ ಮೀಟರಿನ ಕಲ್ಲು ನಮ್ಮ ದೇವರಗೂಡಿನಲ್ಲಿದೆ

ಗಣಿ ಇಲಾಖೆಯ ಮುಖ್ಯಸ್ಥರಾದ ಮಾನ್ಯರೇ,

ಇಂದು ನನಗೆ ಉಪವಾಸ. ಅಂಗಳ ಗುಡಿಸಿ, ನೀರು ಹಿಡಿದಿಟ್ಟು, ದೀಪ ಹಚ್ಚಿ ಬರೆಯಲು ಕೂತಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಸುಳ್ಳು ಬರೆಯುವ ಧೈರ್ಯ ನನಗಿಲ್ಲ. ನೀವು ಅಚ್ಚು ಹಾಕಿಸಲಿರುವ ನಮ್ಮ ಗಣಿಯ ಚರಿತ್ರೆಯ ನಲವತ್ತೆರಡನೇ ಪುಟ ಸುಳ್ಳು. "ಕೊರೆತಗಾರನ ನಿರ್ಲಕ್ಷ್ಯದಿಂದ ನೂರಹನ್ನೆರಡನೇ ಮೀಟರಿನ ಕಲ್ಲು ನಷ್ಟವಾಗಿ ತಾಮ್ರದ ಜಾಡು ತಪ್ಪಿತು" ಎಂದಿದ್ದೀರಿ. ಆ ಕೊರೆತಗಾರ ನನ್ನ ಅಣ್ಣ. ಕಲ್ಲು ನಷ್ಟವಾಗಿಲ್ಲ. ನಾನು ಕದ್ದೆ.

ಇಪ್ಪತ್ತೆಂಟು ವರ್ಷದ ಹಿಂದೆ ನಾನು ಗಣಿಯ ಶೆಡ್ಡಿನಲ್ಲಿ ಕಲ್ಲು ತೊಳೆಯುತ್ತಿದ್ದೆ. ಅಣ್ಣನ ಯಂತ್ರ ನೆಲದಾಳದಿಂದ ಕೊರೆದು ತರುತ್ತಿದ್ದ, ಲಟ್ಟಣಿಗೆಯಂಥ ಕಲ್ಲುಗಳನ್ನು ತೊಳೆದು ಆಳದ ಪ್ರಕಾರ ಪೆಟ್ಟಿಗೆಯಲ್ಲಿ ಜೋಡಿಸುವುದು ನನ್ನ ಕೆಲಸ. ಏಳನೇ ತರಗತಿ ಓದಿದ ನನಗೆ ಭೂವಿಜ್ಞಾನಿ ಮೇಡಂ ಕಲಿಸಿದ್ದಿಷ್ಟು: ಕೆಳಗಿನಿಂದ ಕುದಿಯುವ ಕಲ್ಲು ಎದ್ದು ಬಂದು ಸುಣ್ಣಕಲ್ಲಿಗೆ ತಾಗಿದಲ್ಲಿ, ಬೆಂದು ಸ್ಕಾರ್ನ್ ಎಂಬ ಹೊಸ ಕಲ್ಲು ಹುಟ್ಟುತ್ತದೆ, ಅದರಲ್ಲಿ ಶಾಖಕ್ಕೆ ಹತ್ತಿರ ತಾಮ್ರ, ದೂರಕ್ಕೆ ಸತು. ನಮಗೆ ಸತು ಸಿಕ್ಕಿತ್ತು. ತಾಮ್ರಕ್ಕಾಗಿ ಪೂರ್ವದ ಕಡೆ ಹುಡುಕುತ್ತಿದ್ದರು.

ಒಂದು ದಿನ ತೊಳೆಯುವಾಗ ಗೇಣುದ್ದದ ತುಂಡೊಂದು ಹೊಳೆಯಿತು. ದಾಳಿಂಬೆ ಬಣ್ಣ, ಮೈತುಂಬ ಬಂಗಾರದ ಚುಕ್ಕಿ. ದೇವರೇ ಬಂದ ಅಂದುಕೊಂಡೆ. ಸೆರಗಿನಲ್ಲಿ ಸುತ್ತಿಕೊಂಡೆ. ಕಲ್ಲು ಸಿಗದ ಜಾಗಕ್ಕೆ ಇಡುವ ಮರದ ತುಂಡನ್ನು ಅಲ್ಲಿಟ್ಟೆ. ಎಂಥ ಅಚ್ಚುಕಟ್ಟಿನ ಕಳ್ಳಿ ನೋಡಿ! ಆಮೇಲೆ ಪ್ರತಿದಿನ ಅದರ ಮುಂದೆ ಕೈಮುಗಿದು, "ದೇವರೇ, ನಮ್ಮ ಗಣಿಗೆ ತಾಮ್ರ ಸಿಗಲಿ" ಎಂದು ಬೇಡಿದೆ. ಆ ಬಂಗಾರದ ಚುಕ್ಕಿಯೇ ತಾಮ್ರದ ಅದಿರು; ತಾಮ್ರ ಬೇಡಿದ್ದು ತಾಮ್ರದ ಮುಂದೆಯೇ ಕೂತು! ದೇವರಿಗೆ ನಕ್ಕು ನಕ್ಕು ಸುಸ್ತಾಗಿರಬೇಕು. ತಾಮ್ರ ಕಾಣದೆ ಪೂರ್ವದ ಸುರಂಗ ನಿಂತಿತು, ಸತು ಮುಗಿಯಿತು, ಗಣಿ ಮುಚ್ಚಿತು. ನನ್ನ ಪೂಜೆ ಮಾತ್ರ ನಿಲ್ಲಲಿಲ್ಲ.

ಆದರೂ ಕೇಳುತ್ತೇನೆ. ಗೇಣುದ್ದ ಕಲ್ಲು ಕಾಣದಿದ್ದರೆ ಇಡೀ ಇಲಾಖೆಗೆ ಕಣ್ಣು ಕಾಣುವುದಿಲ್ಲವೇ? ಪಕ್ಕದಲ್ಲೇ ಇನ್ನೊಂದು ಕಡೆ ಕೊರೆಯಬೇಡಿ ಎಂದು ನಿಮ್ಮ ಕೈ ಹಿಡಿದವರ್ಯಾರು? ಕಲ್ಲು ಹೋದ ಬಗ್ಗೆ ತೊಳೆಯುವವಳನ್ನು ಒಬ್ಬರಾದರೂ ಕೇಳಿದಿರೇ?

ಮೊನ್ನೆ ನಿಮ್ಮ ಕರಡು ನೋಟಿಸ್ ಬೋರ್ಡಿಗೆ ಬಂತು. ಅಣ್ಣ ಓದಿಕೊಂಡು ನೇರ ನಮ್ಮ ಮನೆಗೆ ಬಂದ. ಕೂತದ್ದು ದೇವರಗೂಡಿನ ಎದುರಿಗೇ.

"ನನ್ನ ಕೈಯಲ್ಲಿ ಒಂದು ತುಂಡೂ ತಪ್ಪಿರ್ಲಿಲ್ಲ ಕಣೇ," ಎಂದ. ಟವೆಲಿನಿಂದ ಮುಖ ಒರೆಸಿಕೊಂಡು, "ಓದಿದೋರು ಬರ್ದಿದ್ದಾರೆ ಅಂದ್ಮೇಲೆ, ನಾನೇ ಎಲ್ಲೋ ಎಡವಟ್ಟು ಮಾಡಿರ್ಬೇಕು ಬಿಡು."

"ನೀರು ಕೊಡ್ಲಾ ಅಣ್ಣ?" ಎಂದೆ. ಇಷ್ಟು ದೊಡ್ಡ ಭಕ್ತೆಯ ಬಾಯಿಂದ ಬಂದ ಸತ್ಯ ಅಷ್ಟೇ.

ನಿಮ್ಮ ಗುಮಾಸ್ತರು, "ಅಮ್ಮಾ, ಆಕ್ಷೇಪಣೆ ಇದ್ರೆ ದಾಖಲೆ ಸಮೇತ ಕೊಡಿ," ಎಂದರು. ದಾಖಲೆಯನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಅದಕ್ಕೆ ದೀಪದ ಎಣ್ಣೆ ಹತ್ತಿದೆ, ಕ್ಷಮಿಸಿ. ನಿಮ್ಮಲ್ಲಿರುವ ಕಲ್ಲಿನ ಪೆಟ್ಟಿಗೆಗಳಲ್ಲಿ ಹದಿನೇಳನೆಯದನ್ನು ತೆರೆಯಿರಿ. ಈ ಕಲ್ಲನ್ನು ಮರದ ತುಂಡಿನ ಜಾಗದಲ್ಲಿಡಿ. ಎರಡೂ ತುದಿಯ ಒಡಕು ಅಕ್ಕಪಕ್ಕದ ಕಲ್ಲಿಗೆ ಹಲ್ಲಿಗೆ ಹಲ್ಲು ಕೂಡದಿದ್ದರೆ ನನ್ನನ್ನು ಹುಚ್ಚಿ ಎನ್ನಿ. ಕೂಡಿದರೆ ಆ ಸಾಲು ತಿದ್ದಿ: "ಕೊರೆತಗಾರನ ತಪ್ಪಿಲ್ಲ, ಕಲ್ಲು ತೊಳೆಯುವವಳು ಕದ್ದಳು."

ಉತ್ತರವನ್ನು ಅಂಚೆಗೆ ಹಾಕಬೇಡಿ. ತಿದ್ದಿದ ಪುಟ ಸಿದ್ಧವಾದಾಗ ಅಣ್ಣನಿಗೆ ಹೇಳಿ ಕಳಿಸಿ. ನನಗೆ ಕೊಡುವ ಉತ್ತರವನ್ನು ನಿಮ್ಮಲ್ಲಿಂದ ಅವನೇ ತರಲಿ. ದಾರಿಯಲ್ಲಿ ಓದಿಕೊಂಡು ಬರಲಿ. ನಾನು ಬಾಗಿಲಲ್ಲೇ ಇರುತ್ತೇನೆ.

ಇಂತಿ,
ಇಪ್ಪತ್ತೆಂಟು ವರ್ಷ ಕದ್ದ ಮಾಲಿಗೆ ಕೈಮುಗಿದ,
ಕೊರೆತಗಾರನ ತಂಗಿ